ಕೆಂಡದ ಕಾವು: ಬಾಗಿಲು ಮುಚ್ಚಿದರೆ ಜೀವಕ್ಕೆ ಕುತ್ತು



ಚಳಿಗಾಲ ಬಂತೆಂದರೆ ಬಾಳೆಹೊಸೂರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಬೆಂಕಿ ಕಾಯಿಸುವುದು ವಾಡಿಕೆ. ಅಂಗಳದಲ್ಲಿ ಬೆಂಕಿ ಹಾಕಿ ಸುತ್ತ ಕುಳಿತರೆ ಚಿಂತೆಯಿಲ್ಲ. ಅದೇ ಕೆಂಡವನ್ನು ಶೇಗಡಿಯಲ್ಲಿ ತುಂಬಿ ಒಳಗೆ ಒಯ್ದು ಬಾಗಿಲು ಹಾಕಿಕೊಂಡಾಗಲೇ ಅಪಾಯ. ಹೊಲ ಕಾಯುವವರ ಗುಡಿಸಲು, ಷಟರ್ ಎಳೆದುಕೊಂಡು ರಾತ್ರಿ ದುಡಿಯುವ ವರ್ಕ್‌ಶಾಪು, ಬಾಣಂತಿ ಕೋಣೆ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿ ತಾಳಲಾರದೆ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ್ದ ಮೂವರು ಯುವಕರು ಮತ್ತೆ ಏಳಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಪ್ರವಾಸಿಗರು ಹೋಟೆಲಿನ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ಹೀಗೇ ಸತ್ತರು.

ಹೊಗೆ ಇಲ್ಲದಿದ್ದರೂ ವಿಷ

"ಹೊಗಿನ ಇಲ್ಲಲ್ರೀ, ಏನಾಗ್ತದ?" ಅಂತ ಬಹಳ ಮಂದಿ ಕೇಳುತ್ತಾರೆ. ಮೋಸ ಇರುವುದು ಅಲ್ಲಿಯೇ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಗಾಳಿ ಕಡಿಮೆಯಾದಷ್ಟೂ ಅದು ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಕೋಣೆಯಲ್ಲಿ ನೀರಿನ ಬಟ್ಟಲು ಇಟ್ಟರೆ, ಮೂಗಿಗೆ ಹಸಿ ಬಟ್ಟೆ ಕಟ್ಟಿದರೆ ಈ ಅನಿಲ ನಿಲ್ಲುವುದಿಲ್ಲ. ನೆಲದ ಮೇಲೆ ಮಲಗಿದರೂ ತಪ್ಪಿದ್ದಲ್ಲ. ಬೂದಿ ಮುಚ್ಚಿದ ಕೆಂಡವೂ ಅದನ್ನು ಉಗುಳುತ್ತಲೇ ಇರುತ್ತದೆ.

ಕೊಳವೆ ಯಾಕೆ ಬೇಕು?

ಚಳಿ ದೇಶಗಳಲ್ಲಿಯೂ ಕಲ್ಲಿದ್ದಲಿನ ಒಲೆಯಿಂದ ಕೋಣೆ ಕಾಯಿಸುತ್ತಾರೆ. ಆದರೆ ಅದು ಬಾಗಿಲಿರುವ ಕಬ್ಬಿಣದ ಒಲೆ. ಅದರ ಕೊಳವೆ ಛಾವಣಿ ದಾಟಿ ಮೇಲೆ ಹೋಗಿರುತ್ತದೆ. ಕಾವು ಒಳಗೆ ಉಳಿದು, ಕೆಟ್ಟ ಅನಿಲ ಹೊರಗೆ ಹೋಗುತ್ತದೆ. ಆ ಕೊಳವೆ ಕಟ್ಟಿಕೊಂಡರೆ ಅಲ್ಲಿಯೂ ಸಾವು ಸಂಭವಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಗೂ ಹೀಗೆಯೇ ಕೊಳವೆ ಇದೆ. ನಮ್ಮ ಶೇಗಡಿಗೆ ಕೊಳವೆ ಇಲ್ಲ. ಅದು ಉಗುಳಿದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಕಮ್ಮಾರರು ಕುಲುಮೆಯನ್ನು ತೆರೆದ ಚಪ್ಪರದಲ್ಲಿ ಹೂಡುವುದು ಸುಮ್ಮನೆ ಅಲ್ಲ ನೋಡ್ರಿ.

ಬಾಣಂತಿ, ಕೂಸು

ಹೊರಸಿನ ಬುಡಕ್ಕೆ ಕೆಂಡ ಇಟ್ಟು, ಗಾಳಿ ಬಡಿಯಬಾರದೆಂದು ಕಿಟಕಿ ಮುಚ್ಚುವ ರೂಢಿ ನಮ್ಮಲ್ಲಿದೆ. ಹಿರಿಯರ ಕಾಳಜಿ ದೊಡ್ಡದು. ಆದರೆ ಹೆಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಗಾಳಿಯಾಡುತ್ತಿದ್ದ ಹಳೆಯ ಮನೆ ಬೇರೆ, ಇಂದಿನ ಆರ್‌ಸಿಸಿ ಕೋಣೆ ಬೇರೆ. ಕೂಸಿಗೆ ಕುಂಚಿಗಿ ಹಾಕಿ, ತಾಯಿಯ ಎದೆಗೆ ಅವಚಿ, ಕೌದಿ ಹೊಚ್ಚಿದರೆ ಬೇಕಾದ ಬೆಚ್ಚಗೆ ಸಿಗುತ್ತದೆ.

ಇಷ್ಟು ನೆನಪಿಡೋಣ

1. ಕೆಂಡ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು. ಮಲಗುವ ಮುಂಚೆ ಶೇಗಡಿ ಅಂಗಳಕ್ಕೆ ಹೋಗಲಿ.

2. ಕೆಲಸದ ಜಾಗದಲ್ಲಿ ಬೆಂಕಿ ಬೇಕೇ ಬೇಕಾದರೆ ಎದುರುಬದುರಿನ ಬಾಗಿಲು, ಕಿಟಕಿ ಎರಡೂ ತೆರೆದಿರಲಿ. ಆದಷ್ಟು ಹೊರಗೆ ಕಾಯಿಸಿಕೊಂಡು ಒಳಗೆ ಬರುವುದೇ ಮೇಲು.

3. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು ಮೊದಲ ಸೂಚನೆ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಕೆಂಡದ ಮೇಲೆಯೇ ಸಂಶಯಪಡಿ, ಕೂಡಲೇ ಎಲ್ಲರೂ ಹೊರಗೆ ಬನ್ನಿ.

4. ಎಚ್ಚರ ತಪ್ಪಿದವರನ್ನು ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ. ಇದ್ದಿಲು ಹಚ್ಚಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಇದಕ್ಕೆ ಮುಖ್ಯ ಚಿಕಿತ್ಸೆ ಆಮ್ಲಜನಕ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸುವುದಿಲ್ಲ, 98 ತೋರಿಸಿದರೂ ನಂಬಿ ಕೂಡಬೇಡಿ.

ಈ ವಿಷಯವನ್ನು ಸಂಘದ ಸಭೆಯಲ್ಲಿ ಒಮ್ಮೆ ಓದಿ ಹೇಳಿ. ಓದು ಬಾರದ ಅಜ್ಜಿಗೆ, ಹೊಲ ಕಾಯಲು ಹೊರಟ ಅಣ್ಣನಿಗೆ ಇವತ್ತೇ ತಿಳಿಸಿ.