ಕಾರು ನಿಲ್ಲಿಸಿ ಮನ ಗೆದ್ದವರು

ಕಾರ್ ರೇಸ್ ಪ್ರಿಯರನ್ನು ‘ನಿಮ್ಮ ಮೆಚ್ಚಿನ ಚಾಲಕ ಯಾರು?’ ಎಂದು ಕೇಳಿ ನೋಡಿ. ಬಹಳ ಮಂದಿ ಇಂದಿಗೂ ಬ್ರೆಜಿಲ್‌ನ ಐರ್ಟನ್ ಸೆನ್ನಾ ಹೆಸರು ಹೇಳುತ್ತಾರೆ. ಫಾರ್ಮುಲಾ ಒನ್‌ನಲ್ಲಿ 41 ಗೆಲುವು. 1988, 1990 ಮತ್ತು 1991ರಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಮಳೆಯಲ್ಲಿ ಟ್ರ್ಯಾಕ್ ಜಾರುವಾಗಲಂತೂ ಅವರ ಚಾಲನೆ ನೋಡುವುದೇ ಒಂದು ಸೊಗಸು. ಆದರೆ ನಾನು ಅವರನ್ನು ಹೆಚ್ಚು ಮೆಚ್ಚುವುದು ಅವರು ಕಾರು ನಿಲ್ಲಿಸಿದ ಒಂದು ದಿನಕ್ಕಾಗಿ.

ಅದು 1992ರ ಆಗಸ್ಟ್. ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಅಭ್ಯಾಸ ನಡೆದಿತ್ತು. ಫ್ರಾನ್ಸಿನ ಎರಿಕ್ ಕೋಮಾಸ್ ಅವರ ಕಾರು ಅಪಘಾತಕ್ಕೀಡಾಗಿ ಟ್ರ್ಯಾಕ್ ನಡುವೆ ನಿಂತಿತು. ಅವರಿಗೆ ಪ್ರಜ್ಞೆ ತಪ್ಪಿತ್ತು; ಕಾಲು ಮಾತ್ರ ಆಕ್ಸಿಲರೇಟರ್ ಒತ್ತಿಕೊಂಡೇ ಇತ್ತು. ಎಂಜಿನ್ ಅಬ್ಬರಿಸುತ್ತಿತ್ತು. ಯಾವ ಕ್ಷಣದಲ್ಲಾದರೂ ಬೆಂಕಿ ಹತ್ತಬಹುದಿತ್ತು! ಹಿಂದಿನಿಂದ ಬಂದ ಸೆನ್ನಾ ಕಾರು ನಿಲ್ಲಿಸಿ ಇಳಿದರು. ಬೇರೆ ಕಾರುಗಳು ಬರುವ ಟ್ರ್ಯಾಕ್ ಮೇಲೆಯೇ ಓಡಿಹೋಗಿ ಎಂಜಿನ್ ಆರಿಸಿದರು. ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲುಗಾಡುವುದು ಅಪಾಯ. ಹಾಗಾಗಿ ವೈದ್ಯರು ಬರುವವರೆಗೂ ಕೋಮಾಸ್ ಅವರ ತಲೆಯನ್ನು ಹಿಡಿದುಕೊಂಡೇ ಇದ್ದರು. ಕೋಮಾಸ್ ಬದುಕಿ ಉಳಿದರು.

1994ರ ಮೇ 1ರಂದು ಇಟಲಿಯ ಇಮೋಲಾ ರೇಸ್‌ನಲ್ಲಿ ಅಪಘಾತವಾಗಿ ಸೆನ್ನಾ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಅವರ ಕಾರಿನಲ್ಲಿ ಆಸ್ಟ್ರಿಯಾದ ಬಾವುಟವೊಂದಿತ್ತು. ಹಿಂದಿನ ದಿನವಷ್ಟೇ ಅದೇ ಟ್ರ್ಯಾಕ್‌ನಲ್ಲಿ ಮಡಿದಿದ್ದ ಆ ದೇಶದ ಚಾಲಕ ರೊಲಾಂಡ್ ರಾಟ್ಜೆನ್‌ಬರ್ಗರ್ ನೆನಪಿಗೆ, ರೇಸ್ ಮುಗಿದ ಮೇಲೆ ಹಾರಿಸಲೆಂದು ಇಟ್ಟುಕೊಂಡಿದ್ದರು.

ಮಕ್ಕಳೇ, 41 ಗೆಲುವುಗಳನ್ನು ಬೇರೆಯವರು ದಾಟಿದ್ದಾರೆ. ಆದರೆ ಎದುರಾಳಿಯ ಜೀವಕ್ಕಾಗಿ ತನ್ನ ಕಾರು ನಿಲ್ಲಿಸಿದ ಸೆನ್ನಾ ಅವರನ್ನು ಅಭಿಮಾನಿಗಳು ಮರೆತಿಲ್ಲ.