ಕೂಸಿನ ತೊಡೆಯ ಗಂಟು: ಕತ್ತರಿಗೆ ಅವಸರ ಬೇಡ

ಎಳೆಗೂಸಿನ ತೊಡೆಯಲ್ಲಿ ಎದ್ದ ಗಂಟು ಕ್ಯಾನ್ಸರ್ ಆಗಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತದೆಯೇ? ದಾವಣಗೆರೆಯ ಕೆ.ಬಿ. ಬಡಾವಣೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಮೊದಲು ಸಮಾಧಾನದ ಮಾತು: ಈ ವಯಸ್ಸಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ರಕ್ತನಾಳಗಳು ಗೋಜಲಾಗಿ ಬೆಳೆಯುವ ಹೆಮಾಂಜಿಯೋಮವೇ ಎಲ್ಲಕ್ಕಿಂತ ಸಾಮಾನ್ಯ. ಕೆಲವು ತಿಂಗಳು ಬೆಳೆದು, ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಆದರೆ ಅದರಂತೆಯೇ ಕೆಂಪಗೆ, ಬಿಗಿಯಾಗಿ ಕಾಣುವ ಅಪರೂಪದ ಗಡ್ಡೆಯೊಂದಿದೆ: ಶಿಶುಗಳ ಫೈಬ್ರೋಸಾರ್ಕೋಮ. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಇರುತ್ತದೆ, ಕೈಕಾಲುಗಳಲ್ಲೇ ಹೆಚ್ಚು. ನೋಡನೋಡುತ್ತಿದ್ದಂತೆ ಬೆಳೆಯುತ್ತದೆ. ಹಾಗಿದ್ದೂ ಬೇರೆ ಅಂಗಗಳಿಗೆ ಹರಡುವುದು ಕಡಿಮೆ. 1976ರಲ್ಲಿ ಚುಂಗ್ ಮತ್ತು ಎನ್‌ಜಿಂಗರ್ ಇಂಥ 53 ಮಕ್ಕಳ ವಿವರ ಕಲೆಹಾಕಿದಾಗ ಐದು ವರ್ಷ ಬದುಕುಳಿದವರ ಪ್ರಮಾಣ ಶೇ. 84 ಇತ್ತು. ದೊಡ್ಡವರ ಸಾರ್ಕೋಮ ಕಂಡು ಹೆದರಿದ್ದ ವೈದ್ಯಲೋಕಕ್ಕೆ ಇದು ಬೇರೆಯೇ ರೋಗ ಎಂಬುದು ಮನದಟ್ಟಾಗುತ್ತ ಹೋಯಿತು. ಅಷ್ಟರೊಳಗೆ ಎಷ್ಟೋ ಕೂಸುಗಳು ಕೈಕಾಲು ಕಳೆದುಕೊಂಡಿದ್ದವು.

ಈ ಗಡ್ಡೆಯ ಗುಟ್ಟು ಸಿಕ್ಕಿದ್ದು 1998ರಲ್ಲಿ, ಕೆನಡಾದ ವ್ಯಾಂಕೂವರ್‌ನ ಪೌಲ್ ಸೊರೆನ್ಸನ್ ತಂಡಕ್ಕೆ. 12 ಮತ್ತು 15ನೇ ಕ್ರೋಮೋಸೋಮ್‌ಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಹಾಗಾಗಿ ಇಟಿವಿ6 ಜೀನಿಗೆ ಎನ್‌ಟಿಆರ್‌ಕೆ3 ಜೀನು ಅಂಟುತ್ತದೆ. ತೋಟದ ಬೋರ್‌ವೆಲ್ ಸ್ಟಾರ್ಟರ್ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಸ್ಟಾರ್ಟ್ ಗುಂಡಿ ಒತ್ತಿದಾಗ ಕಾಂಟ್ಯಾಕ್ಟ್‌ಗಳು ಕೂಡಿ ಮೋಟಾರ್ ಓಡಬೇಕು, ಸ್ಟಾಪ್ ಗುಂಡಿ ಒತ್ತಿದಾಗ ಅವು ಬೇರೆಯಾಗಿ ಮೋಟಾರ್ ನಿಲ್ಲಬೇಕು. ಕಾಂಟ್ಯಾಕ್ಟ್‌ಗಳು ಕಾದು ಕರಗಿ ಒಂದಕ್ಕೊಂದು ಬೆಸೆದುಕೊಂಡರೆ ಸ್ಟಾಪ್ ಗುಂಡಿ ಒತ್ತಿದರೂ ಮೋಟಾರ್ ನಿಲ್ಲದು. ಎನ್‌ಟಿಆರ್‌ಕೆ3 ಪ್ರೋಟೀನೂ ಹಾಗೆಯೇ: ಹೊರಗಿಂದ ಸಂದೇಶ ಬಂದಾಗ ಮಾತ್ರ ಜೋಡಿಯಾಗಿ 'ಬೆಳೆ' ಎನ್ನಬೇಕಾದದ್ದು, ಇಟಿವಿ6ರ ಅಂಟಿನಿಂದ ಸದಾ ಜೋಡಿಯಾಗಿಯೇ ಇರುತ್ತದೆ. ಇದು ಜೀವಕೋಶದೊಳಗಿನ ಆಕಸ್ಮಿಕ. ಗ್ರಹಣಕ್ಕೂ ಬಸುರಿಯ ಊಟಕ್ಕೂ ಸಂಬಂಧವಿಲ್ಲ. ತಾಯಿಯನ್ನು ದೂರುವವರು ಇದನ್ನು ತಿಳಿದುಕೊಳ್ಳಲೇಬೇಕು.

ಸದಾ ಜೋಡಿಯಾಗಿರುವ ಈ ಪ್ರೋಟೀನನ್ನೇ ಗುರಿಯಿಟ್ಟ ಲಾರೊಟ್ರೆಕ್ಟಿನಿಬ್ ಎಂಬ ಮದ್ದಿಗೆ 2018ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೂಸುಗಳಿಗೆ ಕುಡಿಸುವ ದ್ರವರೂಪದಲ್ಲೂ ಇದೆ. ಗಡ್ಡೆ ಕರಗಿದ ಚಿತ್ರಗಳು ನಿಜಕ್ಕೂ ಬೆರಗು ಹುಟ್ಟಿಸುತ್ತವೆ. ಆದರೂ 'ಪವಾಡದ ಮದ್ದು' ಎಂಬ ಪ್ರಚಾರ ನನಗೆ ಒಪ್ಪಿಗೆಯಿಲ್ಲ. ಬೆಲೆ ವಿಪರೀತ, ಕೆಲವರಲ್ಲಿ ಗಡ್ಡೆ ಮದ್ದಿಗೆ ಬಗ್ಗದಂತಾಗುವುದೂ ಉಂಟು. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್, ಜೊತೆಗೆ ಆಕ್ಟಿನೋಮೈಸಿನ್: ಈ ಹಳೆಯ ಜೋಡಿಯೇ ಬಹಳಷ್ಟು ಮಕ್ಕಳಲ್ಲಿ ಗಡ್ಡೆಯನ್ನು ಕುಗ್ಗಿಸಿ, ಅಂಗ ಉಳಿಸಿ ಶಸ್ತ್ರಚಿಕಿತ್ಸೆ ಮಾಡಲು ದಾರಿ ಮಾಡಿಕೊಡುತ್ತದೆ.

ಹಾಗಾಗಿ ಗಂಟಿಗೆ ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ದಾವಣಗೆರೆ, ಹರಿಹರದವರಿಗೆ ಬಾಪೂಜಿ ಮಕ್ಕಳ ಆಸ್ಪತ್ರೆ ಹತ್ತಿರದಲ್ಲೇ ಇದೆ. ಮೊದಲು ಡಾಪ್ಲರ್ ಸ್ಕ್ಯಾನ್, ಸಂಶಯ ಬಂದರೆ ಎಂಆರ್‌ಐ, ಆಮೇಲೆ ಚೂರು ತೆಗೆದು ಬಯಾಪ್ಸಿ. ಈ ಗಡ್ಡೆಯಲ್ಲಿ ರಕ್ತ ಜಾಸ್ತಿ, ಆದ್ದರಿಂದ ಬಯಾಪ್ಸಿಯನ್ನು ಮಕ್ಕಳ ಶಸ್ತ್ರಚಿಕಿತ್ಸಕರೇ ಮಾಡಲಿ. ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದರೆ ರಿಪೋರ್ಟಿನ ಜೊತೆ ಸ್ಲೈಡ್, ಆ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದು ಒಯ್ಯಿರಿ. ಜೀನ್ ಪರೀಕ್ಷೆಗೆ ಆ ಬ್ಲಾಕೇ ಬೇಕು. ಅದಿದ್ದರೆ ಕೂಸಿಗೆ ಮತ್ತೊಮ್ಮೆ ಸೂಜಿ ಚುಚ್ಚುವುದು ತಪ್ಪಬಹುದು.