ಕಲ್ಲಾದ ಹಲ್ಲು, ಬರೆದಿಟ್ಟ ಹೆಸರು

ಓಲೆಗರಿಯ ಕಟ್ಟೊಂದರ ಆದಿ ಅಂತ್ಯಗಳೆರಡೂ ಹುಳುವಿಗೆ ಆಹಾರವಾಗಿ ನಡುವಿನ ನಾಲ್ಕು ಗರಿಗಳು ಮಾತ್ರ ಉಳಿದಿದ್ದರೆ ಗ್ರಂಥಸಂಪಾದಕನು ಮಾಡುವುದೇನು? ಛಂದಸ್ಸನ್ನು ನೋಡುತ್ತಾನೆ, ಭಾಷೆಯನ್ನು ಪರಿಶೀಲಿಸುತ್ತಾನೆ, ಅನ್ಯ ಪ್ರತಿಗಳೊಡನೆ ಹೋಲಿಸುತ್ತಾನೆ. ಲುಪ್ತವಾದುದನ್ನು ಊಹಿಸಿ, ಆ ಊಹೆಯನ್ನು ಕಂಸದೊಳಗಿಟ್ಟು ಊಹೆಯೆಂದೇ ತಿಳಿಸುತ್ತಾನೆ. ಭೂಗರ್ಭದ ಪಳೆಯುಳಿಕೆಗಳನ್ನು ಓದುವ ವಿದ್ಯೆಯೂ ಇದೇ ಜಾತಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಯು ಬೆಳೆದುಬಂದ ಬಗೆಯನ್ನು ಒಂದು ಹಲ್ಲಿನ ವೃತ್ತಾಂತದಿಂದಲೇ ತಿಳಿಯಬಹುದು.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯನಿದ್ದನು. ರೋಗಿಗಳನ್ನು ನೋಡಿದ ಬಳಿಕ ಉಳಿದ ವೇಳೆಯನ್ನೆಲ್ಲ ಆತನು ಕಲ್ಲುಗಣಿಗಳಲ್ಲಿ ಕಳೆಯುತ್ತಿದ್ದನು. 1822ರ ಸುಮಾರಿಗೆ ಅವನಿಗೆ ಕೆಲವು ದೊಡ್ಡ ಹಲ್ಲುಗಳು ದೊರೆತವು. ಸವೆದ ರೀತಿಯನ್ನು ನೋಡಿದರೆ ಅವು ಸೊಪ್ಪು ಮೇಯುವ ಪ್ರಾಣಿಯವು. ಆದರೆ ಅವುಗಳಿದ್ದ ಬಂಡೆ ಅತಿ ಪ್ರಾಚೀನವಾದುದು. ಪ್ಯಾರಿಸ್ಸಿನ ಮಹಾಪಂಡಿತನಾದ ಕ್ಯುವಿಯೇ ಮೊದಲು ಅದು ಖಡ್ಗಮೃಗದ ಹಲ್ಲೆಂದನು. ಅನಂತರ ತನ್ನ ಅಭಿಪ್ರಾಯವನ್ನು ತಾನೇ ತಿದ್ದಿಕೊಂಡು, ಸಸ್ಯಾಹಾರಿಯಾದ ಸರೀಸೃಪದ್ದಿರಬಹುದೆಂದು ಒಪ್ಪಿಕೊಂಡನು.

ಸಂಶಯವು ಪರಿಹಾರವಾದುದು ಲಂಡನ್ನಿನ ಶಸ್ತ್ರವೈದ್ಯರ ಸಂಸ್ಥೆಗೆ ಸೇರಿದ್ದ ಹಂಟರ್ ಸಂಗ್ರಹಾಲಯದಲ್ಲಿ. ಅಲ್ಲಿದ್ದ ಸ್ಯಾಮ್ಯುಯೆಲ್ ಸ್ಟಚ್‌ಬರಿಯು ಇಗ್ವಾನಾ ಎಂಬ ಅಮೆರಿಕದ ಪ್ರಾಣಿಯ ಹಲ್ಲನ್ನು ತೋರಿಸಿದನು. ಆಕಾರ ಒಂದೇ, ಗಾತ್ರದಲ್ಲಿ ಮಾತ್ರ ಅಗಾಧ ವ್ಯತ್ಯಾಸ. 1825ರಲ್ಲಿ ಮ್ಯಾಂಟೆಲನು ತನ್ನ ಪ್ರಾಣಿಗೆ 'ಇಗ್ವಾನಡಾನ್', ಅಂದರೆ 'ಇಗ್ವಾನಾದ ಹಲ್ಲುಳ್ಳದ್ದು' ಎಂದು ನಾಮಕರಣ ಮಾಡಿದನು.

ಆ ಸಂಗ್ರಹಾಲಯದ ಕಥೆಯೂ ಗಮನಾರ್ಹವಾಗಿದೆ. ಅದನ್ನು ಕೂಡಿಸಿದ ಜಾನ್ ಹಂಟರನು 1793ರಲ್ಲಿ ತೀರಿಕೊಂಡಾಗ ಅಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ಮಾದರಿಗಳಿದ್ದವು. ಅವುಗಳ ವಿವರವಿದ್ದ ಹಸ್ತಪ್ರತಿಗಳನ್ನು 1823ರಲ್ಲಿ ಅವನ ಭಾವಮೈದುನನಾದ ಎವೆರಾರ್ಡ್ ಹೋಮನೇ ಸುಟ್ಟುಹಾಕಿದನು. ಹಂಟರನ ಸಹಾಯಕನಾಗಿದ್ದ ವಿಲಿಯಂ ಕ್ಲಿಫ್ಟನು ಹಿಂದೆಯೇ ನಕಲು ಮಾಡಿಟ್ಟಿದ್ದ ಭಾಗವಷ್ಟೇ ಉಳಿಯಿತು. 1827ರಲ್ಲಿ ಅಲ್ಲಿಗೆ ಬಂದ ರಿಚರ್ಡ್ ಓವೆನ್ ಎಂಬ ತರುಣನು ಸತ್ತ ಪ್ರಾಣಿಗಳನ್ನು ಹೊಸದಾಗಿ ಕೊಯ್ದು, ಸೀಸೆಗಳಲ್ಲಿದ್ದ ಅಂಗಗಳೊಡನೆ ಹೋಲಿಸಿ, ಹೆಸರು ಕಳೆದುಕೊಂಡ ವಸ್ತುಗಳಿಗೆ ಮರಳಿ ಹೆಸರು ಬರೆದನು. ಸೂಚಿಯಿಲ್ಲದ ಸಂಗ್ರಹವು ಬೀಗದ ಕೈ ಕಳೆದುಹೋದ ಭಂಡಾರದಂತೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದೇ ಓವೆನನು 1842ರಲ್ಲಿ ಇಗ್ವಾನಡಾನ್ ಮತ್ತು ಇನ್ನೆರಡು ಪ್ರಾಣಿಗಳನ್ನು ಒಂದು ವರ್ಗಕ್ಕೆ ಸೇರಿಸಿ 'ಡೈನೋಸಾರ್' ಎಂಬ ಹೆಸರನ್ನಿತ್ತನು. ಗ್ರೀಕ್ ಮೂಲದ ಈ ಪದಕ್ಕೆ ಭಯಂಕರ ಹಲ್ಲಿ ಎಂದು ಅರ್ಥ. ಕೀರ್ತಿಯೆಲ್ಲ ಓವೆನನಿಗೆ ಸಂದಿತು. ಇತ್ತ ಮನೆಯನ್ನೇ ಪಳೆಯುಳಿಕೆಗಳ ಆಲಯವಾಗಿಸಿದ್ದ ಮ್ಯಾಂಟೆಲನು 1838ರಲ್ಲಿ ತನ್ನ ಸಂಗ್ರಹವನ್ನು 4,000 ಪೌಂಡುಗಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿದ್ದನು. ಮರುವರ್ಷ ಪತ್ನಿಯೂ ಅವನನ್ನು ಬಿಟ್ಟು ಹೋದಳು. 1841ರ ಗಾಡಿ ಅಪಘಾತದಲ್ಲಿ ಬೆನ್ನೆಲುಬಿಗೆ ಪೆಟ್ಟಾಯಿತು. ಆ ನೋವಿನಲ್ಲಿಯೂ ಆತನು ಅಧ್ಯಯನವನ್ನು ಬಿಡಲಿಲ್ಲ. ಇಗ್ವಾನಡಾನಿನ ಮುಂಗಾಲುಗಳು ಹಿಂಗಾಲುಗಳಿಗಿಂತ ಸಣ್ಣವೆಂದು ಕೊನೆಯ ವರ್ಷಗಳಲ್ಲಿ ಸರಿಯಾಗಿ ಗುರುತಿಸಿದನು. 1852ರಲ್ಲಿ ನಿಧನನಾದನು.

ಎರಡು ವರ್ಷಗಳ ತರುವಾಯ ಲಂಡನ್ನಿನ ಸಿಡನ್‌ಹ್ಯಾಮ್ ಉದ್ಯಾನದಲ್ಲಿ ಓವೆನನ ಅಭಿಪ್ರಾಯದಂತೆ ಈ ಪ್ರಾಣಿಯ ಪೂರ್ಣಾಕಾರದ ಪ್ರತಿಮೆಗಳು ನಿಂತವು. ದಪ್ಪ ಕಾಲು ನಾಲ್ಕು. ಮೂಗಿನ ಮೇಲೊಂದು ಕೊಂಬು. ಕೊಂಬನ್ನು ಅಲ್ಲಿಟ್ಟವನು ಮೊದಲಿಗೆ ಮ್ಯಾಂಟೆಲನೇ. ಬಿಡಿಯಾಗಿ ಸಿಕ್ಕ ಮೊನೆಯಾದ ಎಲುಬಿಗೆ ಬೇರೆ ಸ್ಥಾನ ಅವನಿಗೆ ತೋರಿರಲಿಲ್ಲ.

1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಎಂಬಲ್ಲಿ, 322 ಮೀಟರು ಆಳದ ಕಲ್ಲಿದ್ದಲು ಗಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಇಗ್ವಾನಡಾನುಗಳು ಸಿಕ್ಕಿದವು. ಅಗೆದವರು ಎಲುಬುಗಳನ್ನು ಅವಸರದಿಂದ ಕೀಳಲಿಲ್ಲ. ಬಂಡೆಸಹಿತ ತುಂಡುಗಳನ್ನಾಗಿ ಮಾಡಿ, ಗಾರೆ ಮೆತ್ತಿ, ಪ್ರತಿ ತುಂಡಿಗೂ ಗುರುತು ಹಾಕಿ, ಅದಿದ್ದ ಸ್ಥಿತಿಯನ್ನು ಚಿತ್ರಿಸಿಕೊಂಡರು. ಆದುದರಿಂದ ಲೂಯಿ ಡೊಲೊ ಎಂಬ ವಿದ್ವಾಂಸನಿಗೆ ಸತ್ಯವು ಗೋಚರಿಸಿತು: ಅದು ಮೂಗಿನ ಕೊಂಬಲ್ಲ, ಕೈಯ ಹೆಬ್ಬೆರಳು! ಆದರೆ ಡೊಲೊ ಅದನ್ನು ಬಾಲವೂರಿ ನೆಟ್ಟಗೆ ನಿಲ್ಲಿಸಿದುದೂ ಸರಿಯಾಗಿರಲಿಲ್ಲ. ಬಿಗಿಯಾದ ಆ ಬಾಲ ಹಾಗೆ ಬಾಗುವಂಥದಲ್ಲವೆಂದು 1980ರಲ್ಲಿ ಡೇವಿಡ್ ನಾರ್ಮನ್ ಅದೇ ಎಲುಬುಗಳಿಂದ ತೋರಿಸಿಕೊಟ್ಟನು.

ನೂರು ವರ್ಷಗಳ ಬಳಿಕವೂ ತಿದ್ದುಪಡಿ ಸಾಧ್ಯವಾದುದು ಏತರಿಂದ? ದೊರೆತ ಸ್ಥಳ, ಪದರ, ಗುರುತು ಇವನ್ನು ಗಣಿಯವರು ನಿಷ್ಠೆಯಿಂದ ಬರೆದಿಟ್ಟುದರಿಂದ. ಡೊಲೊ ಊಹೆ ಕುಸಿಯಿತು, ದಾಖಲೆ ಕುಸಿಯಲಿಲ್ಲ. ಸಿಡನ್‌ಹ್ಯಾಮಿನ ಪ್ರತಿಮೆಗಳನ್ನು ಯಾರೂ ಒಡೆದುಹಾಕಿಲ್ಲ. ಮೂಗಿನ ಮೇಲೆ ಹೆಬ್ಬೆರಳನ್ನು ಹೊತ್ತು ಅವು ಇಂದಿಗೂ ನಿಂತಿವೆ. ವಿದ್ಯಾರ್ಥಿಯ ಹಳೆಯ ತಪ್ಪನ್ನು ಅಳಿಸದೆ ಪಕ್ಕದಲ್ಲಿ ಸರಿಯನ್ನು ಬರೆದುಕೊಡುವ ಉಪಾಧ್ಯಾಯನ ಕೆಂಪು ಮಸಿಯಂತೆ, ತಿಳಿವಳಿಕೆ ನಡೆದುಬಂದ ದಾರಿಯನ್ನು ನೋಡಿದವರಿಗೆ ಅವು ತೋರಿಸುತ್ತಿವೆ.